ಹುಷಾರಾಗಿ ಮನೆಗೆ ಬಂದ ಮೇಲೆ: ಸೈಕೋಸಿಸ್, ಆತ್ಮಹತ್ಯೆಯ ಅಪಾಯ ಮತ್ತು ಊರಿನ ಆರೈಕೆ

ಸೈಕೋಸಿಸ್ ಇರುವವರ ಆತ್ಮಹತ್ಯೆ ಎಂದೊಡನೆ ನಮಗೆ ನೆನಪಾಗುವುದು ಕಾಯಿಲೆ ಕೆರಳಿದ ದಿನಗಳು. ಯಾರೂ ಇಲ್ಲದ ಕೋಣೆಯಲ್ಲಿ ದನಿ ಕೇಳಿಸುತ್ತಿದೆ, ರಾತ್ರಿಯಿಡೀ ನಿದ್ದೆಯಿಲ್ಲ, ಬಡಿಸಿದ ಅನ್ನದ ಮೇಲೂ ಅನುಮಾನ. ಆಗ ಅಪಾಯ ಇಲ್ಲವೆಂದಲ್ಲ. ಆದರೆ ಆ ಹೊತ್ತಿನಲ್ಲಿ ಮನೆಮಂದಿಯೆಲ್ಲ ಎಚ್ಚರವಾಗಿರುತ್ತಾರೆ, ಒಬ್ಬರಲ್ಲ ಒಬ್ಬರು ಪಕ್ಕದಲ್ಲಿರುತ್ತಾರೆ. ದನಿಗಳು ಅಡಗಿ, ಮಾತು ಹದಕ್ಕೆ ಬಂದು, ‘ಹುಡುಗ ಹುಷಾರಾದ’ ಎಂದು ಆಸ್ಪತ್ರೆಯಿಂದ ಕರೆತಂದು, ಅಪ್ಪ ತೋಟಕ್ಕೂ ಅಣ್ಣ ಬೆಂಗಳೂರಿನ ಕೆಲಸಕ್ಕೂ ವಾಪಸಾದ ಮೇಲಿನ ವಾರಗಳಿವೆಯಲ್ಲ, ಅವುಗಳ ಬಗ್ಗೆ ಯಾರೂ ಅಷ್ಟಾಗಿ ಯೋಚಿಸುವುದಿಲ್ಲ. ಬೇರೆಬೇರೆ ದೇಶಗಳಲ್ಲಿ ಲೆಕ್ಕ ತೆಗೆದು ನೋಡಿದ ಸಂಶೋಧಕರು ಮತ್ತೆ ಮತ್ತೆ ಬೊಟ್ಟು ಮಾಡಿ ತೋರಿಸಿರುವುದು ಈ ವಾರಗಳನ್ನೇ. ಆರೈಕೆಯ ಹಿಡಿತ ಸಡಿಲವಾಗುವ ಹೊತ್ತೂ ಅದು ತೀರಾ ಬೇಕಾಗಿರುವ ಹೊತ್ತೂ ಒಂದೇ ಆಗಿಬಿಡುತ್ತದೆ. ಹೀಗೇಕೆ, ಇದಕ್ಕೆ ಊರಿನ ಮಟ್ಟದಲ್ಲಿ ಏನು ಮಾಡಬಹುದು ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಎರಡು ಮಾತು ಕಾಯಿಲೆಯ ಬಗ್ಗೆ. ಸೈಕೋಸಿಸ್ ಎಂಬುದು ಒಂದೇ ರೋಗದ ಹೆಸರಲ್ಲ. ವಾಸ್ತವದ ಜೊತೆಗಿನ ಕೊಂಡಿ ಕಳಚಿದ ಸ್ಥಿತಿ ಅದು: ಇಲ್ಲದ ದನಿ ಕೇಳುವುದು, ಎಷ್ಟು ತಿಳಿಹೇಳಿದರೂ ಅಳಿಯದ ಸಂಶಯ, ತಾಳಮೇಳವಿಲ್ಲದ ಯೋಚನೆ. ಸ್ಕಿಜೋಫ್ರೇನಿಯಾ ಎಂಬ ಮನೋರೋಗದಲ್ಲಿ ಇದು ಹೆಚ್ಚು ಕಾಲ ಇರುತ್ತದೆ. ಮನಸ್ಸು ಅತಿ ಹುರುಪಿಗೂ ಖಿನ್ನತೆಗೂ ತೂಗಾಡುವ ಬೈಪೋಲಾರ್ ಕಾಯಿಲೆಯಲ್ಲಿ, ತೀವ್ರ ಖಿನ್ನತೆಯಲ್ಲಿ, ಕೆಲವು ಬಾಣಂತಿಯರಲ್ಲಿ, ಗಾಂಜಾದಂಥ ಅಮಲಿನಿಂದಲೂ ಬರಬಹುದು. ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಹದಿಹರೆಯದ ಕೊನೆಯಿಂದ ಇಪ್ಪತ್ತರ ಆಸುಪಾಸಿನಲ್ಲಿ, ಹೆಂಗಸರಲ್ಲಿ ತುಸು ತಡವಾಗಿ. ಓದು ಮುಗಿಯುವ, ಕೆಲಸ ಸಿಗುವ, ಮದುವೆಯ ಮಾತು ಬರುವ ವಯಸ್ಸಿನಲ್ಲೇ ಇದು ಬಂದು ಕೂರುತ್ತದೆ ಎನ್ನುವುದನ್ನು ಮರೆಯಬಾರದು. ಮುಂದಿನ ಕಥೆಯೆಲ್ಲ ಅಲ್ಲಿಂದಲೇ ಹುಟ್ಟುವುದು.

ಸ್ಕಿಜೋಫ್ರೇನಿಯಾ ಇರುವವರಲ್ಲಿ ಶೇಕಡಾ 10ರಷ್ಟು ಮಂದಿ ಆತ್ಮಹತ್ಯೆಯಿಂದ ಸಾಯುತ್ತಾರೆ ಎಂದು ಬಹಳ ಕಾಲ ಪಠ್ಯಪುಸ್ತಕಗಳಲ್ಲಿ ಬರೆದಿತ್ತು. 2005ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಮರುಲೆಕ್ಕ ಹಾಕಿದಾಗ ಬಂದದ್ದು ಸುಮಾರು 5. ಅರ್ಧಕ್ಕರ್ಧ ವ್ಯತ್ಯಾಸ ಬಂದದ್ದು ಹೇಗೆ? ಹಳೆಯ ಅಧ್ಯಯನಗಳು ಕಾಯಿಲೆ ಶುರುವಾದ ಮೊದಲ ಕೆಲವು ವರ್ಷ ರೋಗಿಗಳ ಜಾಡು ಹಿಡಿದು, ಆಗ ಕಂಡ ಪ್ರಮಾಣವೇ ಜೀವನಪೂರ್ತಿ ಇರುತ್ತದೆಂದು ಊಹಿಸಿದ್ದವು. ನಿಜದಲ್ಲಿ ಈ ಸಾವುಗಳು ಆಯುಷ್ಯದುದ್ದಕ್ಕೂ ಸಮನಾಗಿ ಹರಡಿಕೊಂಡಿಲ್ಲ. ಕಾಯಿಲೆ ಶುರುವಾದ ಹೊಸತರಲ್ಲಿ ದಟ್ಟವಾಗಿದ್ದು ಆಮೇಲೆ ವಿರಳವಾಗುತ್ತವೆ. ಲೆಕ್ಕ ತಪ್ಪಿದ್ದರಿಂದಲೇ ಒಂದು ಸತ್ಯ ಹೊರಬಿತ್ತು ಎನ್ನಬೇಕು. ಶೇಕಡಾ 5 ಎಂದರೆ 95 ಮಂದಿ ಹೀಗೆ ಸಾಯುವುದಿಲ್ಲ ಎಂಬುದೂ ನೆನಪಿರಲಿ. ಆದರೂ ಜನಸಾಮಾನ್ಯರಿಗೆ ಹೋಲಿಸಿದರೆ ಇದು ಹಲವು ಪಟ್ಟು ಹೆಚ್ಚು.

ತಿಳಿವಳಿಕೆ ಬಂದಾಗ ಬರುವ ನೋವು

ಇಪ್ಪತ್ತೆರಡರ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಎಂಜಿನಿಯರಿಂಗ್ ಕೊನೆಯ ವರ್ಷ. ಆರು ತಿಂಗಳು ಕೋಣೆಯ ಬಾಗಿಲು ಹಾಕಿಕೊಂಡು ಕೂತ, ಪಕ್ಕದ ಮನೆಯವರ ಮೇಲೆ ಕೂಗಾಡಿದ. ‘ಗಾಳಿ ಸೋಕಿದೆ’ ಎಂದು ಎರಡು ಮೂರು ಕಡೆ ತೋರಿಸಿದರು. ಕೊನೆಗೆ ಆಸ್ಪತ್ರೆ, ಮಾತ್ರೆ. ಆರು ವಾರದಲ್ಲಿ ದನಿಗಳು ನಿಂತವು. ಈಗ ಅವನಿಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿದೆ, ಕಷ್ಟ ಇರುವುದೂ ಅಲ್ಲೇ. ಜೊತೆಗೆ ಓದಿದವರಿಗೆ ಕೆಲಸ ಸಿಕ್ಕಿದೆ. ತಾನು ಬೀದಿಯಲ್ಲಿ ಕೂಗಿದ್ದನ್ನು ಊರೆಲ್ಲ ನೋಡಿದೆ. ಓದಲು ಕೂತರೆ ಸಾಲು ತಲೆಗೆ ಹತ್ತುವುದಿಲ್ಲ. ಈ ಕಾಯಿಲೆ ಮತ್ತೆ ಬರಬಹುದು, ಮಾತ್ರೆ ವರ್ಷಗಟ್ಟಲೆ ನುಂಗಬೇಕು ಎಂದು ಡಾಕ್ಟರು ಹೇಳಿದ್ದನ್ನು ಅವನೂ ಕೇಳಿಸಿಕೊಂಡಿದ್ದಾನೆ.

ತನಗೇನಾಗಿತ್ತು ಎಂಬ ಅರಿವು ಮರಳುವುದನ್ನು ವೈದ್ಯರು ಒಳ್ಳೆಯ ಲಕ್ಷಣವೆಂದೇ ಬರೆದುಕೊಳ್ಳುತ್ತಾರೆ. ಅದು ಒಳ್ಳೆಯದೇ ಹೌದು. ಆದರೆ ಆ ಅರಿವಿನ ಜೊತೆ ‘ಇನ್ನು ನನ್ನ ಬದುಕು ಮುಗಿಯಿತು’ ಎಂಬ ಹತಾಶೆ ಕೂಡಿಕೊಂಡರೆ ಅಪಾಯ ಏರುತ್ತದೆ. ಸ್ಕಿಜೋಫ್ರೇನಿಯಾ ಮತ್ತು ಆತ್ಮಹತ್ಯೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಗಳಲ್ಲಿ ಮುಂಚೂಣಿಗೆ ಬರುವ ಅಂಶಗಳು ಇವು: ಖಿನ್ನತೆ, ಹಿಂದೊಮ್ಮೆ ಆತ್ಮಹತ್ಯೆಗೆ ಯತ್ನಿಸಿರುವುದು, ಕುಡಿತ ಮತ್ತು ಅಮಲು, ಇತ್ತೀಚೆಗೆ ಏನನ್ನೋ ಅಥವಾ ಯಾರನ್ನೋ ಕಳೆದುಕೊಂಡಿರುವುದು, ಮಾತ್ರೆ ಬಿಟ್ಟುಬಿಡುವುದು, ತಲೆ ಪೂರ್ತಿ ಕೈಕೊಡುತ್ತದೇನೋ ಎಂಬ ಭಯ. ‘ಸಾಯಿ’ ಎಂದು ಆಜ್ಞೆ ಮಾಡುವ ದನಿಗಳ ಪಾತ್ರ ಜನ ಎಣಿಸುವಷ್ಟು ನೇರವಾಗಿಲ್ಲ. ಅಂಥ ದನಿ ಕೇಳುವ ಬಹಳಷ್ಟು ಮಂದಿ ಅದನ್ನು ಪಾಲಿಸುವುದಿಲ್ಲ. ಹಾಗೆಂದು ಕೇಳದೆ ಬಿಡುವಂತಿಲ್ಲ. ದನಿ ಏನು ಹೇಳುತ್ತದೆ, ಅದನ್ನು ತಡೆಯಲು ಕಷ್ಟವಾಗುತ್ತಿದೆಯೇ ಎಂದು ವಿಚಾರಿಸಬೇಕು.

ಸ್ಕಿಜೋಫ್ರೇನಿಯಾ ಇರುವವರ ಖಿನ್ನತೆ ಕಣ್ಣಿಗೆ ಬೀಳುವುದೂ ಸುಲಭವಲ್ಲ. ಉತ್ಸಾಹವಿಲ್ಲ, ಮಾತಿಲ್ಲ, ಮುಖದಲ್ಲಿ ಭಾವವಿಲ್ಲ ಎಂಬುದೆಲ್ಲ ಮೂಲ ಕಾಯಿಲೆಯ ಲಕ್ಷಣಗಳೂ ಹೌದು. ಮನೆಯವರು ಅದನ್ನು ಸೋಮಾರಿತನ ಎನ್ನುತ್ತಾರೆ, ಅವಸರದ ಒಪಿಡಿಯಲ್ಲಿ ವೈದ್ಯರೂ ‘ಅದು ಕಾಯಿಲೆಯ ಭಾಗ’ ಎಂದು ಮುಂದಕ್ಕೆ ಹೋಗಿಬಿಡಬಹುದು. ಅದರ ಕೆಳಗೆ ಬೇರೆಯೇ ಚಿಕಿತ್ಸೆ ಬೇಕಾದ ದುಃಖವೊಂದು ಇರಬಹುದು.

ಇನ್ನೊಂದು ಸಂಗತಿಯನ್ನು ಪ್ರತಿ ಮನೆಗೂ ಹೇಳಬೇಕೆಂದು ನನಗೆ ಅನ್ನಿಸುತ್ತದೆ. ಸೈಕೋಸಿಸ್‌ಗೆ ಕೊಡುವ ಕೆಲವು ಮಾತ್ರೆ, ಇಂಜೆಕ್ಷನ್‌ಗಳಿಂದ ಅಕಥೀಸಿಯಾ ಎಂಬ ಅಡ್ಡಪರಿಣಾಮ ಬರುತ್ತದೆ. ಒಳಗೇ ಒಂದು ತಳಮಳ. ಕೂರಲಾಗದು, ಮಲಗಲಾಗದು, ಕಾಲು ಒಂದೆಡೆ ನಿಲ್ಲದು, ಅಂಗಳದಲ್ಲಿ ಶತಪಥ. ಕೆಲವರಿಗೆ ಇದು ಬದುಕೇ ಬೇಡ ಎನ್ನಿಸುವಷ್ಟು ಅಸಹನೀಯವಾಗುತ್ತದೆ. ನೋಡುವವರಿಗೆ ಕಾಯಿಲೆ ಮತ್ತೆ ಕೆರಳಿದಂತೆ ಕಾಣುವುದರಿಂದ ಔಷಧಿಯ ಪ್ರಮಾಣ ಇನ್ನಷ್ಟು ಹೆಚ್ಚುವ ಸಂಭವವೂ ಇದೆ. ಡೋಸ್ ಇಳಿಸಿ, ಔಷಧಿ ಬದಲಿಸಿ ಅಥವಾ ಜೊತೆಗೊಂದು ಮಾತ್ರೆ ಕೊಟ್ಟು ವೈದ್ಯರು ಇದನ್ನು ಹತೋಟಿಗೆ ತರಬಲ್ಲರು. ಆದರೆ ಮನೆಯವರು ಅದನ್ನು ಗಮನಿಸಿ ಹೇಳಬೇಕು. ಮುಂದಿನ ತಾರೀಖಿನವರೆಗೆ ಕಾಯದೆ ಆವತ್ತೇ ಫೋನ್ ಮಾಡಬೇಕಾದ ವಿಷಯ ಇದು. ತಾವಾಗಿಯೇ ಮಾತ್ರೆ ನಿಲ್ಲಿಸುವುದು ಮಾತ್ರ ಬೇಡ.

ಹಿಂದಿನ ಯತ್ನ ಅಷ್ಟು ಮುಖ್ಯ ಸುಳಿವಾಗಿದ್ದರೂ ನಮ್ಮಲ್ಲಿ ಅದು ವೈದ್ಯರ ಚೀಟಿಯಲ್ಲಿ ದಾಖಲಾಗುವುದು ಅಪರೂಪ. ಪೊಲೀಸ್ ಕೇಸ್ ಆಗುತ್ತದೆಂಬ ಹೆದರಿಕೆಯಿಂದ ‘ಜಾರಿ ಬಿದ್ದ’, ‘ತಪ್ಪಿ ಕುಡಿದ’ ಎಂದೇ ಬರೆಸುವ ರೂಢಿ ಬೆಳೆಯಿತು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 115ನೇ ಕಲಮು ಇದನ್ನು ಬದಲಿಸಿತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ವ್ಯತಿರಿಕ್ತವಾಗಿ ಸಾಬೀತಾಗದ ಹೊರತು ಅವರನ್ನು ಶಿಕ್ಷಿಸುವಂತಿಲ್ಲ, ಆರೈಕೆ ಕೊಡುವುದು ಸರ್ಕಾರದ ಹೊಣೆ ಎಂದು ಅದು ಹೇಳುತ್ತದೆ. 2024ರ ಜುಲೈ 1ರಿಂದ ಐಪಿಸಿಯೇ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಾಗ ಆತ್ಮಹತ್ಯಾ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ 309ನೇ ಕಲಮು ಅದರಲ್ಲಿ ಮುಂದುವರಿಯಲಿಲ್ಲ. ಸರ್ಕಾರಿ ನೌಕರನ ಕೆಲಸದ ಮೇಲೆ ಒತ್ತಡ ಹೇರಲೆಂದು ಮಾಡುವ ಆತ್ಮಹತ್ಯಾ ಯತ್ನ ಮಾತ್ರ ಈಗಲೂ ಅಪರಾಧ. ಕಾನೂನು ಬದಲಾದ ಸುದ್ದಿ ಹಳ್ಳಿಯ ಮನೆಗಳಿಗೆ ಇನ್ನೂ ತಲುಪಬೇಕಿದೆ. ಆದ್ದರಿಂದ ಡಾಕ್ಟರ ಹತ್ತಿರ ನಿಜ ಹೇಳಿ.

ಮೂರನೆಯ ದಿನ

ಬ್ರಿಟನ್ನಿನಲ್ಲಿ ಮಾನಸಿಕ ಆರೋಗ್ಯ ಸೇವೆ ಪಡೆಯುತ್ತಿದ್ದವರ ಆತ್ಮಹತ್ಯೆಗಳನ್ನು ದಶಕಗಳಿಂದ ಒಂದೊಂದಾಗಿ ಪರಿಶೀಲಿಸುವ ರಾಷ್ಟ್ರೀಯ ತನಿಖಾ ತಂಡವೊಂದಿದೆ. ಆಸ್ಪತ್ರೆಯಿಂದ ಬಿಡುಗಡೆಯಾದ ಮೊದಲ ಒಂದೆರಡು ವಾರವೇ ಹೆಚ್ಚು ಅಪಾಯದ್ದು, ಅದರಲ್ಲೂ ಮೂರನೆಯ ದಿನದ ಸುತ್ತ ಸಾವುಗಳು ಹೆಚ್ಚು ಎಂಬುದನ್ನು ಅದು ಕಂಡುಕೊಂಡಿತು. ಹಾಗಾಗಿ ಡಿಸ್ಚಾರ್ಜ್ ಆದ 72 ಗಂಟೆಯೊಳಗೆ ಯಾರಾದರೂ ಆ ವ್ಯಕ್ತಿಯನ್ನು ಸಂಪರ್ಕಿಸಲೇಬೇಕು ಎಂಬ ನಿಯಮ ಅಲ್ಲಿ ಬಂತು. ನಮ್ಮಲ್ಲಿ ಡಿಸ್ಚಾರ್ಜ್ ಚೀಟಿಯಲ್ಲಿ ಸಾಮಾನ್ಯವಾಗಿ ಇರುವುದು ಎರಡು ವಾರದ ಅಥವಾ ಒಂದು ತಿಂಗಳ ಮುಂದಿನ ತಾರೀಖು. ಆ ತಾರೀಖಿಗೆ ಬರಲು ಎರಡು ಬಸ್ಸು ಬದಲಿಸಬೇಕು, ಜೊತೆಗೆ ಬರುವವರ ಒಂದು ದಿನದ ಕೂಲಿ ಹೋಗಬೇಕು. ಕಾಲು ಮುರಿದವನಿಗೆ ಪ್ಲಾಸ್ಟರ್ ಬಿಚ್ಚಿದ ದಿನವೇ ‘ಅಡಿಕೆ ಮರ ಹತ್ತು’ ಎಂದು ಯಾರೂ ಹೇಳುವುದಿಲ್ಲ. ಮನಸ್ಸಿನ ಕಾಯಿಲೆಯವನ ಮಟ್ಟಿಗೆ ಮಾತ್ರ ಬಿಡುಗಡೆ ಎಂದರೆ ಗುಣವಾದಂತೆ ಎಂದು ಎಣಿಸುತ್ತೇವೆ.

ಯಾರೋ ಒಬ್ಬರು ಬಂದು ವಿಚಾರಿಸುವುದರಿಂದ ಏನಾದೀತು ಎಂಬ ಅನುಮಾನ ಸಹಜ. ಇದಕ್ಕೆ ಪುರಾವೆ ಏನಿದೆ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಒಂದು ಪ್ರಯೋಗ ನಡೆಸಿತು. ಅದರ ಒಂದು ಕೇಂದ್ರ ನಮ್ಮ ಪಕ್ಕದ ಚೆನ್ನೈ. ಆತ್ಮಹತ್ಯೆಗೆ ಯತ್ನಿಸಿ ತುರ್ತು ಚಿಕಿತ್ಸಾ ಘಟಕಕ್ಕೆ ಬಂದಿದ್ದ 1,867 ಮಂದಿಯಲ್ಲಿ ಅರ್ಧದಷ್ಟು ಜನರೊಂದಿಗೆ ಬಿಡುಗಡೆಯ ಹೊತ್ತಿಗೆ ಒಂದು ಗಂಟೆ ಮಾತಾಡಿ, ನಂತರದ 18 ತಿಂಗಳಲ್ಲಿ ಒಂಬತ್ತು ಬಾರಿ ಫೋನ್ ಮೂಲಕವೋ ಮನೆಗೆ ಹೋಗಿಯೋ ವಿಚಾರಿಸಿಕೊಂಡರು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮಾಮೂಲು ಚಿಕಿತ್ಸೆ ಪಡೆದವರಲ್ಲಿ ಶೇಕಡಾ 2.2ರಷ್ಟು ಮಂದಿ ಆತ್ಮಹತ್ಯೆಯಿಂದ ಸತ್ತಿದ್ದರೆ, ಈ ಗುಂಪಿನಲ್ಲಿ ಅದು 0.2. ಇವರೆಲ್ಲ ಸೈಕೋಸಿಸ್ ಇದ್ದವರಲ್ಲ, ಹಾಗಾಗಿ ಇದನ್ನೇ ನೇರವಾಗಿ ಇಲ್ಲಿಗೆ ಅನ್ವಯಿಸುವಂತಿಲ್ಲ.

ಸೈಕೋಸಿಸ್‌ನದೇ ಪುರಾವೆ ಬೇಕೆಂದರೆ ಹಾಂಗ್‌ಕಾಂಗ್‌ಗೆ ಹೋಗಬೇಕು. ಮೊದಲ ಸಲ ಸೈಕೋಸಿಸ್ ಕಾಣಿಸಿಕೊಂಡ ಯುವಜನರಿಗಾಗಿ ಅಲ್ಲಿ 2001ರಲ್ಲಿ ವಿಶೇಷ ಸೇವೆಯೊಂದು ಶುರುವಾಯಿತು. ಪ್ರತಿಯೊಬ್ಬರಿಗೂ ತನ್ನವರೆನ್ನಬಹುದಾದ ಒಬ್ಬ ಆರೈಕೆದಾರರು ಎರಡು ವರ್ಷ ಜೊತೆಗಿರುತ್ತಿದ್ದರು. ಈ ಸೇವೆ ಪಡೆದ 617 ಮಂದಿಯನ್ನು, ಅದು ಶುರುವಾಗುವ ಮೊದಲು ಮಾಮೂಲು ಚಿಕಿತ್ಸೆ ಪಡೆದಿದ್ದ ಅಷ್ಟೇ ಮಂದಿಯೊಂದಿಗೆ ಹೋಲಿಸಿದರು. 12 ವರ್ಷಗಳಲ್ಲಿ ಮಾಮೂಲು ಚಿಕಿತ್ಸೆಯ ಗುಂಪಿನ ಶೇಕಡಾ 7.5ರಷ್ಟು ಮಂದಿ ಆತ್ಮಹತ್ಯೆಯಿಂದ ಸತ್ತಿದ್ದರು, ಹೊಸ ಸೇವೆಯ ಗುಂಪಿನಲ್ಲಿ 4.4. ಈ ವ್ಯತ್ಯಾಸದ ಬಹುಪಾಲು ಮೂಡಿದ್ದು ಮೊದಲ ಮೂರು ವರ್ಷಗಳಲ್ಲಿ.

ಔಷಧಿಯ ಕಥೆಯಲ್ಲೂ ಇದೇ ಎಳೆ ಸಿಗುತ್ತದೆ. ಸ್ಕಿಜೋಫ್ರೇನಿಯಾ ಇರುವವರ ಆತ್ಮಹತ್ಯಾ ಯತ್ನಗಳನ್ನು ತಗ್ಗಿಸಲೆಂದೇ ಅಮೆರಿಕದ ಔಷಧ ನಿಯಂತ್ರಕರಿಂದ ಒಪ್ಪಿಗೆ ಪಡೆದ ಔಷಧಿ ಕ್ಲೋಜಪಿನ್. ಬಿಳಿ ರಕ್ತಕಣಗಳು ಅಪಾಯಕರವಾಗಿ ಕುಸಿಯುವ ಸಂಭವ ಇರುವುದರಿಂದ ಅದನ್ನು ತೆಗೆದುಕೊಳ್ಳುವವರು ಮೊದಲ 18 ವಾರ ಪ್ರತಿ ವಾರವೂ ರಕ್ತ ಪರೀಕ್ಷೆ ಮಾಡಿಸುವ ಪದ್ಧತಿ ಇದೆ. 980 ಮಂದಿಯ ಮೇಲೆ ಎರಡು ವರ್ಷ ನಡೆದು 2003ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಸಂಶೋಧಕರು ಒಂದು ಜಾಣತನ ಮಾಡಿದರು: ಹೋಲಿಕೆಗೆಂದು ಓಲಾಂಜಪಿನ್ ಎಂಬ ಇನ್ನೊಂದು ಸೈಕೋಸಿಸ್ ಔಷಧಿ ಕೊಟ್ಟ ಗುಂಪನ್ನೂ ಅಷ್ಟೇ ಸಲ ಕರೆಸಿ ಮಾತಾಡಿಸಿದರು. ಇಲ್ಲದಿದ್ದರೆ ಲಾಭ ಔಷಧಿಯದೋ ವಾರವಾರದ ಭೇಟಿಯದೋ ಎಂದು ಹೇಳಲಾಗುತ್ತಿರಲಿಲ್ಲ. ಕ್ಲೋಜಪಿನ್ ಗುಂಪಿನಲ್ಲಿ ಯತ್ನಗಳು ಕಡಿಮೆಯಾದವು. ಸಾವುಗಳು ಎರಡೂ ಗುಂಪಿನಲ್ಲಿ ತೀರಾ ಕಡಿಮೆ ಇದ್ದುದರಿಂದ ಅವುಗಳ ಬಗ್ಗೆ ತೀರ್ಮಾನ ಹೇಳಲಾಗಲಿಲ್ಲ. ನಮ್ಮಲ್ಲಿ ಕ್ಲೋಜಪಿನ್ ಸಿಗುತ್ತದೆ. ತಾಲ್ಲೂಕಿನಲ್ಲಿ ವಾರವಾರ ರಕ್ತ ಪರೀಕ್ಷೆ ಆಗುವಂತಿದ್ದರೆ ಅದು ಇನ್ನಷ್ಟು ಜನರಿಗೆ ತಲುಪೀತು.

ಸಕಲವಾರದಿಂದ ತೀರ್ಥಹಳ್ಳಿಗೆ

ಊರಿನಲ್ಲೇ ಆರೈಕೆ ಎಂಬುದು ನಮಗೆ ಹೊರಗಿನಿಂದ ಬಂದ ವಿಚಾರವಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಹಾಗೆ ಬಂದವರು ಬೇಗ ಮನೆಗೆ ಮರಳಿದರು, ಮನೆಯವರು ಆರೈಕೆ ಕಲಿತೂ ಹೋದರು. ಬೆಂಗಳೂರಿನ ನಿಮ್ಹಾನ್ಸ್ 1975ರ ಹೊತ್ತಿಗೆ ಸಮುದಾಯ ಮಾನಸಿಕ ಆರೋಗ್ಯ ಘಟಕ ತೆರೆದು, ನಗರದ ಹೊರಗಿನ ಸಕಲವಾರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಏನನ್ನು, ಎಷ್ಟು ಕಲಿಸಿದರೆ ಸಾಕು ಎಂದು ಪ್ರಯೋಗ ಮಾಡಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ಮಾಡಿ ತೋರಿಸಿದರು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಇದೇ ಬಳ್ಳಾರಿ.

ಸೈಕೋಸಿಸ್‌ನ ಮಟ್ಟಿಗೆ ನನಗೆ ಹೆಚ್ಚು ಮುಖ್ಯವೆನಿಸುವುದು ತೀರ್ಥಹಳ್ಳಿ. 2005ರಿಂದ ನಿಮ್ಹಾನ್ಸ್ ತಂಡ ಶಿವಮೊಗ್ಗ ಜಿಲ್ಲೆಯ ಈ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಯ ಆರೋಗ್ಯ ಕಾರ್ಯಕರ್ತರ ನೆರವಿನಿಂದ ಹುಡುಕಿ, ತಾಲ್ಲೂಕು ಮಟ್ಟದಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಕೈಬಿಡದೆ ನೋಡಿಕೊಂಡಿತು. ಇನ್ನೂರಕ್ಕೂ ಹೆಚ್ಚು ಮಂದಿಯ ಒಂದು ವರ್ಷದ ಹೋಲಿಕೆ 2009ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯಲ್ಲಿದ್ದವರ ದೈನಂದಿನ ಬದುಕಿನ ಅಸಾಮರ್ಥ್ಯ ಇಳಿದಿತ್ತು, ಚಿಕಿತ್ಸೆಯಿಲ್ಲದೆ ಉಳಿದವರದು ಇದ್ದ ಹಾಗೇ ಇತ್ತು. ಅಂಥ ಹಳ್ಳಿಗಳಲ್ಲಿ ಚಿಕಿತ್ಸೆ ಕಾಣದೆ ವರ್ಷ ಕಳೆದವರೂ ಇದ್ದರು ಎಂಬುದೇ ದೊಡ್ಡ ಸುದ್ದಿ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸೈಕೋಸಿಸ್ ಇರುವವರಲ್ಲಿ ಮುಕ್ಕಾಲು ಪಾಲು ಚಿಕಿತ್ಸೆಯಿಂದ ಹೊರಗಿದ್ದಾರೆ.

ಮನೋವೈದ್ಯರ ಬದಲು ತರಬೇತಿ ಪಡೆದ ಸಾಮಾನ್ಯ ಜನರೇ ಮನೆಗೆ ಹೋಗಿ ಈ ಕೆಲಸ ಮಾಡಬಹುದೇ? ತಮಿಳುನಾಡು, ಗೋವಾ, ಮಹಾರಾಷ್ಟ್ರದ ಸತಾರಾಗಳಲ್ಲಿ 282 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗ ಹೌದು ಎಂದಿತು, ಆದರೆ ಅಳೆದು ತೂಗಿ. ಲಕ್ಷಣಗಳೂ ಅಸಾಮರ್ಥ್ಯವೂ ಸ್ವಲ್ಪ ಇಳಿದವು, ಹೆಚ್ಚಿನ ಲಾಭ ಕಂಡದ್ದು ತಮಿಳುನಾಡಿನಲ್ಲಿ. ಮನೆಭೇಟಿಯೆಂಬುದು ಮಂತ್ರದಂಡವಲ್ಲ. ಅದರ ಹಿಂದೆ ಔಷಧಿ, ವೈದ್ಯರು, ಮೇಲ್ವಿಚಾರಣೆ ಇದ್ದಾಗಲೇ ಅದಕ್ಕೆ ಬಲ. ಆಶಾ ಕಾರ್ಯಕರ್ತೆಯರ ತಲೆಯ ಮೇಲೆ ಇನ್ನೊಂದು ರಿಜಿಸ್ಟರ್ ಹೊರಿಸಿ ‘ಸಮುದಾಯ ಆರೈಕೆ’ ಎಂದು ಹೆಸರಿಟ್ಟರೆ ಏನೂ ಆಗದು.

ಮನೆಯೊಳಗೆ

1950ರ ದಶಕದ ಲಂಡನ್ನಿನಲ್ಲಿ ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಗಮನಿಸಿದ ಒಂದು ವಿಷಯ ಇಂದಿಗೂ ನಿಂತಿದೆ. ಸದಾ ಟೀಕೆ, ಸಿಡುಕು ಇರುವ ಅಥವಾ ಅತಿಯಾಗಿ ಮೈಮೇಲೆ ಬೀಳುವ ಮನೆಗೆ ಮರಳಿದವರಲ್ಲಿ ಕಾಯಿಲೆ ಬೇಗ ಮರುಕಳಿಸುತ್ತಿತ್ತು. 1980ರ ದಶಕದಲ್ಲಿ ಚಂಡೀಗಢದಲ್ಲಿ ಅದೇ ಅಳತೆಗೋಲು ಹಿಡಿದು ನೋಡಿದಾಗ ಅಂಥ ಮನೆಗಳು ಲಂಡನ್ನಿಗಿಂತ ಕಡಿಮೆ ಕಂಡವು. ನಮ್ಮ ಕುಟುಂಬಗಳ ಹೆಗ್ಗಳಿಕೆಗೆ ಇದನ್ನು ಬಳಸುವವರಿದ್ದಾರೆ. ಕೂಡು ಕುಟುಂಬದಲ್ಲಿ ಹತ್ತು ಕೈಗೆ ಹಂಚಿಹೋಗುತ್ತಿದ್ದ ಹೊರೆ ಈಗ ಅರವತ್ತೈದು ದಾಟಿದ ತಾಯಿಯೊಬ್ಬಳ ಮೇಲೆ ಬಿದ್ದಿರುವಾಗ ಆ ಹೆಗ್ಗಳಿಕೆ ಎಷ್ಟು ದಿನ ನಿಂತೀತು? ಅವಳಿಗೆ ವಾರಕ್ಕೊಂದು ದಿನ ಬಿಡುವು ಮಾಡಿಕೊಡುವ ತಂಗಿ ಅಥವಾ ನೆರೆಯವಳು ಕೂಡ ಚಿಕಿತ್ಸೆಯ ಭಾಗವೇ.

‘ಸಾಯುವ ಮಾತೆತ್ತಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ’ ಎಂಬ ಭಯ ಎಲ್ಲ ಮನೆಗಳಲ್ಲೂ ಇದೆ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಬಹುಮಂದಿಗೆ ಕೇಳಿದರಲ್ಲ ಎಂಬ ಸಮಾಧಾನವೇ ಆಗುತ್ತದೆ. ಸುತ್ತಿ ಬಳಸುವುದು ಬೇಡ: ‘ಬದುಕೋದೇ ಬೇಡ ಅಂತ ಅನ್ಸುತ್ತಾ? ಹಾಗೆ ಅನ್ಸಿದಾಗ ಏನ್ ಮಾಡ್ತೀಯಾ?’ ಎಂದು ಕೇಳಬಹುದು. ಉತ್ತರ ಬಂದ ಮೇಲೆ ‘ಛೇ, ಹಾಗೆಲ್ಲ ಹೇಳಬಾರದು, ಅಪ್ಪ ಅಮ್ಮನ ಮುಖ ನೋಡು’ ಎಂದು ಬಾಯಿ ಮುಚ್ಚಿಸಬಾರದು. ಕೂತು ಕೇಳಬೇಕು, ಆಮೇಲೆ ಡಾಕ್ಟರಿಗೆ ತಿಳಿಸಬೇಕು. ತೋಟಕ್ಕೆ ಹೊಡೆಯುವ ಔಷಧಿಯನ್ನು ಮನೆಯಿಂದ ದೂರ, ಬೀಗ ಹಾಕಿ ಇಡಬೇಕು. ಮಾತ್ರೆಗಳು ಒಬ್ಬರ ಸುಪರ್ದಿಯಲ್ಲಿರಲಿ, ಒಮ್ಮೆಗೆ ತಿಂಗಳುಗಟ್ಟಲೆಯದು ಬೇಡ. ಸಾಯಬೇಕೆಂಬ ಆವೇಗ ಅನೇಕರಲ್ಲಿ ಸ್ವಲ್ಪ ಹೊತ್ತಿನದು. ಆ ಹೊತ್ತು ದಾಟಿಸುವುದೇ ಇದರ ಉದ್ದೇಶ.

ಇನ್ನು ಕೆಲಸ. ಮನೆಯವರು ಇದನ್ನು ಕೊನೆಗೆ ಇಡುತ್ತಾರೆ, ನಾನಾದರೆ ಮೊದಲಿಗೆ ಇಡುತ್ತೇನೆ. ದೊಡ್ಡ ನೌಕರಿಯೇ ಆಗಬೇಕಿಲ್ಲ. ಅಡಿಕೆ ಸುಲಿಯುವಲ್ಲಿ ನಾಲ್ಕು ಜನರ ನಡುವೆ ಒಂದು ತಾಸು ಕೂರುವುದು, ಡೈರಿಗೆ ಹಾಲು ಹಾಕಿ ಬರುವುದು, ಪರಿಚಯದ ಅಂಗಡಿಯಲ್ಲಿ ಬೆಳಗಿನ ಹೊತ್ತು ನಿಲ್ಲುವುದು ಕೂಡ ‘ನಾನು ಯಾವುದಕ್ಕೂ ಆಗದವ’ ಎಂಬ ಯೋಚನೆಗೆ ದಿನವೂ ಎದುರಾಡುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಮಾನಸಿಕ ಕಾಯಿಲೆಯೂ ಅಂಗವೈಕಲ್ಯಗಳ ಪಟ್ಟಿಯಲ್ಲಿದೆ. ಶೇಕಡಾ 40 ಮತ್ತು ಮೇಲ್ಪಟ್ಟು ಎಂದು ಪ್ರಮಾಣಪತ್ರ ಸಿಕ್ಕರೆ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಹಾಗೂ ಮಾಸಾಶನದಂಥ ಸೌಲಭ್ಯಗಳಿಗೆ ದಾರಿಯಾಗುತ್ತದೆ. ‘ಹುಚ್ಚನ ಸರ್ಟಿಫಿಕೇಟು’ ಎಂಬ ಅಂಜಿಕೆಯಿಂದ ಇದನ್ನು ಮಾಡಿಸದ ಮನೆಗಳು ಬಹಳ.

ಇಷ್ಟೆಲ್ಲ ಮಾಡಿದರೂ ಯಾರು ಯಾವ ದಿನ ಅಪಾಯದಲ್ಲಿದ್ದಾರೆಂದು ಕರಾರುವಾಕ್ಕಾಗಿ ಹೇಳುವ ಪರೀಕ್ಷೆ ಇಲ್ಲ. ಅಂಕ ಕೊಟ್ಟು ‘ಹೆಚ್ಚು ಅಪಾಯ’, ‘ಕಡಿಮೆ ಅಪಾಯ’ ಎಂದು ವಿಂಗಡಿಸುವ ಪಟ್ಟಿಗಳನ್ನು ಮುನ್ಸೂಚನೆಗೆ ಬಳಸಬೇಡಿ ಎಂದು ಬ್ರಿಟನ್ನಿನಲ್ಲಿ ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಹೇಳಿತು. ‘ಕಡಿಮೆ’ ಎಂದು ಬರೆಸಿಕೊಂಡವರಲ್ಲೂ ಸಾವುಗಳಾಗುತ್ತವೆ. ಆದ್ದರಿಂದಲೇ ಆಯ್ದ ಕೆಲವರನ್ನು ಕಾಯುವುದಕ್ಕಿಂತ ಮನೆಗೆ ಮರಳಿದ ಪ್ರತಿಯೊಬ್ಬರನ್ನೂ ಮೊದಲ ವಾರಗಳಲ್ಲಿ ವಿಚಾರಿಸುವುದು ಮೇಲು. ಆಪ್ತರನ್ನು ಹೀಗೆ ಕಳೆದುಕೊಂಡ ಮನೆಯವರು ‘ಅಂದು ನಾನು ಹೊರಗೆ ಹೋಗದಿದ್ದರೆ’ ಎಂದು ತಮ್ಮನ್ನೇ ಹಳಿದುಕೊಳ್ಳುವಾಗ ಮೊದಲೇ ತಿಳಿಯುವ ಪರೀಕ್ಷೆ ಇಲ್ಲ ಎಂಬ ಈ ಮಾತನ್ನು ಅವರಿಗೂ ಹೇಳಬೇಕು.

ಡಿಸ್ಚಾರ್ಜ್ ದಿನ ಕೇಳಿ ಪಡೆಯಬಹುದಾದ ಒಂದು ಹಕ್ಕು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಇದೆ. ಮನೆಗೆ ಕಳಿಸುವ ಮುನ್ನ ಮುಂದಿನ ಚಿಕಿತ್ಸೆ ಹೇಗೆ ಎಂಬುದನ್ನು ಮನೋವೈದ್ಯರು ರೋಗಿ, ಅವರು ನೇಮಿಸಿಕೊಂಡ ಪ್ರತಿನಿಧಿ ಮತ್ತು ನೋಡಿಕೊಳ್ಳುವವರ ಜೊತೆ ಕೂತು ಮಾತಾಡಬೇಕು ಎನ್ನುತ್ತದೆ 98ನೇ ಕಲಮು. ಬಿಲ್ ಕಟ್ಟುವ ಗಡಿಬಿಡಿಯಲ್ಲಿ ಇದು ತಪ್ಪಿಹೋಗದಂತೆ ಕೇಳಿ: ಮೂರು ದಿನದಲ್ಲಿ ಯಾರು ಫೋನ್ ಮಾಡುತ್ತಾರೆ? ಕೈಕಾಲು ತಳಮಳ ಬಂದರೆ ಯಾವ ನಂಬರಿಗೆ ಹೇಳಬೇಕು? ನಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಯಾವ ದಿನ, ಇದೇ ಮಾತ್ರೆ ಅಲ್ಲಿ ಸಿಗುತ್ತದೆಯೇ? ಮಾತ್ರೆ ನುಂಗಲು ಒಲ್ಲೆ ಎಂದರೆ ತಿಂಗಳಿಗೊಮ್ಮೆಯ ಇಂಜೆಕ್ಷನ್ ಆಗುತ್ತದೆಯೇ? ರೋಗಿ ಎದುರಿಗಿರುವಾಗಲೇ ಕೇಳಿ, ಅವರ ಅಭಿಪ್ರಾಯವನ್ನೂ ಕೇಳಿ.

ನಡುವೆ ಯಾವಾಗಲಾದರೂ ಸಾಯುವ ಮಾತು ಬಂದರೆ, ಅಥವಾ ನೀವೇ ಹಾಗೆ ಯೋಚಿಸುತ್ತಿದ್ದರೆ, 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು, ರೋಗಿಯ ಪರವಾಗಿ ಮನೆಯವರೂ ಕರೆ ಮಾಡಬಹುದು. ಈಗಲೇ ಅಪಾಯ ಎನ್ನಿಸಿದರೆ ಅವರನ್ನು ಒಬ್ಬರನ್ನೇ ಬಿಡದೆ 108 ಆಂಬುಲೆನ್ಸ್ ಕರೆಸಿ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಮನೋವೈದ್ಯರಿಲ್ಲದ ಆಸ್ಪತ್ರೆಯಾದರೂ ಸರಿ.